ರಿಯಾದ್‌ನ ಗೆಲುವು ಮತ್ತು ನಮ್ಮ ಕಾಲೇಜುಗಳ ಅಂಗಳ

2022ರ ಏಪ್ರಿಲ್ 28ರ ರಾತ್ರಿ. ಕೇರಳದ ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿರುವ ಪಯ್ಯನಾಡು ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ರಾಜ್ಯ ತಂಡಗಳ ರಾಷ್ಟ್ರೀಯ ಕಾಲ್ಚೆಂಡಿನ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯ ಸೆಮಿಫೈನಲ್‌ನಲ್ಲಿ ಕೇರಳ ಮತ್ತು ಕರ್ನಾಟಕ ಮುಖಾಮುಖಿಯಾಗಿದ್ದವು. ಮೊದಲ ಗೋಲು ಹೊಡೆದದ್ದು ಕರ್ನಾಟಕವೇ. ಅರ್ಧ ಗಂಟೆಯ ಹೊತ್ತಿಗೆ ಕೇರಳದ ತರಬೇತುದಾರರು ಬದಲಿ ಆಟಗಾರನೊಬ್ಬನನ್ನು ಕಣಕ್ಕಿಳಿಸಿದರು. ಆತನ ಹೆಸರು ಟಿ.ಕೆ. ಜೆಸಿನ್. ವಿರಾಮಕ್ಕೆ ಮುನ್ನ ಮೂರು ಗೋಲು, ವಿರಾಮದ ಬಳಿಕ ಎರಡು. ಒಬ್ಬನೇ ಐದು ಗೋಲು ಹೊಡೆದ ಆ ಪಂದ್ಯವನ್ನು ಕೇರಳ 7-3ರಿಂದ ಗೆದ್ದಿತು. ಮುಂದೆ ಫೈನಲ್‌ನಲ್ಲಿ ಬಂಗಾಳವನ್ನೂ ಪೆನಾಲ್ಟಿಗಳಲ್ಲಿ ಮಣಿಸಿ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಐದು ಗೋಲು ಹೊಡೆದ ಆ ಯುವಕ ಅದೇ ಜಿಲ್ಲೆಯ ಮಂಪಾಡ್ ಎಂಬ ಊರಿನ ಎಂಇಎಸ್ ಕಾಲೇಜಿನ ವಿದ್ಯಾರ್ಥಿ. ಕರ್ನಾಟಕದ ಪತ್ರಿಕೆಗಳಲ್ಲಿ ಆ ವಿವರ ಮೂಲೆಯ ಒಂದು ಸಾಲಾಗಿ ಬಂದು ಹೋಯಿತು. ಸೋಲಿನ ಅಂತರದ ಬಗ್ಗೆ ಎಲ್ಲರೂ ಮಾತನಾಡಿದರು; ಸೋಲಿಸಿದವನು ಎಲ್ಲಿ ಓದುತ್ತಿದ್ದಾನೆ ಎಂಬುದರ ಬಗ್ಗೆ ಯಾರೂ ಮಾತನಾಡಲಿಲ್ಲ. ಈ ಬರೆಹ ಹುಟ್ಟಿದ್ದು ಆ ಒಂದು ಸಾಲಿನಿಂದ.

ಮರುವರ್ಷ ನಡೆದದ್ದು ಈಗ ಇತಿಹಾಸ. 2023ರ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಕರ್ನಾಟಕ ಅದೇ ಕೇರಳವನ್ನು 1-0 ಅಂತರದಿಂದ ಸೋಲಿಸಿತು. ಹಿಂದಿನ ಸಾಲಿನ ಚಾಂಪಿಯನ್ನರು ಸೆಮಿಫೈನಲ್ ತಲುಪದೆ ಊರಿಗೆ ಮರಳಿದರು. ಏಳು ಗೋಲು ತಿಂದಿದ್ದವರು ಮುಂದೆ ಸಾಗಿದರು. ಸೆಮಿಫೈನಲ್ ಮತ್ತು ಫೈನಲ್ ಪಂದ್ಯಗಳು ಆ ಸಲ ಮೊತ್ತಮೊದಲ ಬಾರಿಗೆ ದೇಶದ ಹೊರಗೆ, ಸೌದಿ ಅರೇಬಿಯದ ರಿಯಾದ್‌ನಲ್ಲಿ ಏರ್ಪಟ್ಟವು. ಮಾರ್ಚ್ 1ರಂದು ಸರ್ವೀಸಸ್ ತಂಡದ ಎದುರು 3-1ರ ಗೆಲುವು. ಮಾರ್ಚ್ 4ರಂದು ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಮೇಘಾಲಯದ ಎದುರು ಫೈನಲ್. ಮೊದಲ ನಿಮಿಷಗಳಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಪೆನಾಲ್ಟಿಯ ಮೂಲಕ ಮೇಘಾಲಯ ಸಮ ಮಾಡಿಕೊಂಡಿತು. ಬೇಕೆ ಓರಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ಮುನ್ನ ರಾಬಿನ್ ಯಾದವ್ ದೂರದಿಂದ ಹೊಡೆದ ಫ್ರೀ ಕಿಕ್ ನೇರವಾಗಿ ಬಲೆ ಸೇರಿತು. ದ್ವಿತೀಯಾರ್ಧದಲ್ಲಿ ಮೇಘಾಲಯ ಇನ್ನೊಂದು ಗೋಲು ಹಿಂದಿರುಗಿಸಿತಾದರೂ ಕರ್ನಾಟಕ 3-2ರಲ್ಲಿ ಗಟ್ಟಿಯಾಗಿ ನಿಂತಿತು. ತರಬೇತುದಾರ ರವಿ ಬಾಬು ರಾಜು ಅವರ ಹುಡುಗರು ಐವತ್ನಾಲ್ಕು ವರ್ಷಗಳ ಬಳಿಕ ಆ ಟ್ರೋಫಿಯನ್ನು ನಾಡಿಗೆ ತಂದರು.

ಐವತ್ನಾಲ್ಕು ವರ್ಷ ಎಂದಾಗ ಅದರ ಹಿಂದೊಂದು ವೈಭವವಿತ್ತು ಎಂಬುದೂ ನೆನಪಿಗೆ ಬರಬೇಕು. 1941ರಲ್ಲಿ ಆರಂಭವಾದ ಈ ಪಂದ್ಯಾವಳಿಯನ್ನು ಅಂದಿನ ಮೈಸೂರು ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತ್ತು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ! ಕಾಲ್ಚೆಂಡಿನ ತವರು ಎಂದು ಎಲ್ಲರೂ ಒಪ್ಪಿದ್ದ ನಾಡನ್ನು ನಾಲ್ಕು ಸಲ ಕೆಡವಿದ ಊರು ಬೆಂಗಳೂರು. ಇನ್ನೂ ಹಿಂದೆ, 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಪರವಾಗಿ ಒಲಿಂಪಿಕ್ ಕಾಲ್ಚೆಂಡಿನ ಮೊದಲ ಗೋಲು ಹೊಡೆದ ಎಸ್. ರಾಮನ್ ಈ ಊರಿನವರು. ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ ಇವರೆಲ್ಲ ಇದೇ ಮಣ್ಣಿನ ಆಟಗಾರರು.

ಆದರೆ ಈ ಹೆಸರುಗಳು ಬೆಂಗಳೂರಿನ ಯಾವ ಭಾಗದಿಂದ ಬಂದವು? ಬಹುಮಟ್ಟಿಗೆ ದಂಡಿನ ಪ್ರದೇಶದಿಂದ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಮುಂತಾದ ಪೂರ್ವ ಬೆಂಗಳೂರಿನ ಬಡಾವಣೆಗಳಲ್ಲಿ ಸೈನಿಕರ ಆಟವನ್ನು ನೋಡಿ ಬರಿಗಾಲಿನ ಹುಡುಗರು ಕಲಿತರು. ಆಮೇಲೆ ಐಟಿಐ, ಎಚ್‌ಎಎಲ್‌ನಂತಹ ಕಾರ್ಖಾನೆಗಳೂ ಸೈನಿಕ ಘಟಕಗಳೂ ಅವರಿಗೆ ಉದ್ಯೋಗ ಕೊಟ್ಟು ತಂಡ ಕಟ್ಟಿದವು. ಬೆಳಿಗ್ಗೆ ಕಾರ್ಖಾನೆ, ಸಂಜೆ ಮೈದಾನ; ತಿಂಗಳಿಗೆ ಸಂಬಳ, ನಿವೃತ್ತಿಯವರೆಗೆ ಭದ್ರತೆ. ಆಟಗಾರನ ಹೊಟ್ಟೆಯ ಪ್ರಶ್ನೆಗೆ ಅಂದಿನ ಸಮಾಜ ಕಂಡುಕೊಂಡ ಉತ್ತರ ಅದು. ಮೈಸೂರು ತಂಡದ ಗೆಲುವುಗಳ ತಳಪಾಯದಲ್ಲಿ ಆ ಉತ್ತರವಿತ್ತು. ಕಾರ್ಖಾನೆಗಳು ಕ್ರೀಡಾ ನೇಮಕಾತಿಯನ್ನು ಕಡಿಮೆ ಮಾಡುತ್ತ ಬಂದಂತೆ ತಳಪಾಯವೂ ಕುಸಿಯಿತು. ಐವತ್ನಾಲ್ಕು ವರ್ಷಗಳ ಬರಗಾಲಕ್ಕೆ ಪ್ರತಿಭೆಯ ಕೊರತೆ ಕಾರಣವೆಂದು ನಾನು ನಂಬುವುದಿಲ್ಲ. ಹದಿನೆಂಟು ದಾಟಿದ ಹುಡುಗನನ್ನು ಆಟದಲ್ಲಿ ಉಳಿಸಿಕೊಳ್ಳುವ ಸಂಸ್ಥೆಗಳು ಇಲ್ಲವಾದದ್ದೇ ಕಾರಣ.

ನಗರದ ಪಶ್ಚಿಮ ಭಾಗದ ಕತೆ ಬೇರೆ. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಅದರ ಸುತ್ತಮುತ್ತ ಗಿರಣಿಗಳೂ ಕಾರ್ಖಾನೆಗಳೂ ಇದ್ದವು. ಆದರೂ ಇಲ್ಲಿಯ ಜನರ ಆಟಗಳು ಕಬಡ್ಡಿ, ಕೊಕ್ಕೊ, ವಾಲಿಬಾಲ್, ಬಾಲ್ ಬ್ಯಾಡ್ಮಿಂಟನ್. ಹಳೆಯ ಬೀದಿಗಳಲ್ಲಿ ಗರಡಿಮನೆ. ಮಂಡ್ಯ, ತುಮಕೂರು, ಹಾಸನ ಕಡೆಗಳಿಂದ ಬಂದು ನೆಲೆಸಿದವರು ತಮ್ಮ ಊರಿನ ಆಟಗಳನ್ನೇ ತಂದರು. ಕಾಲ್ಚೆಂಡು ದಂಡಿನವರ ಆಟ ಎಂಬ ಭಾವನೆ ಬಹುಕಾಲ ಉಳಿದಿತ್ತು.

ಆ ಭಾವನೆ ಇಂದು ಪೂರ್ತಿ ಅಳಿದಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, ಕಂಠೀರವ ಕ್ರೀಡಾಂಗಣಕ್ಕೆ ಜನ ಹರಿದುಬಂದ ಮೇಲೆ ವಿಜಯನಗರ, ಬಸವೇಶ್ವರನಗರಗಳ ಮಕ್ಕಳೂ ಚೆಂಡನ್ನು ಕಾಲಿನಿಂದ ಆಡತೊಡಗಿದರು. ಈಗ ನಾಗರಬಾವಿಯಿಂದ ಕೆಂಗೇರಿಯವರೆಗೆ ಖಾಲಿ ನಿವೇಶನಗಳಲ್ಲಿ ಹಸಿರು ಹಾಸು ಹೊದಿಸಿ, ಸುತ್ತ ಬಲೆ ಕಟ್ಟಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ‘ಟರ್ಫ್’ಗಳು ಎದ್ದಿವೆ. ರಾತ್ರಿ ಹನ್ನೊಂದಕ್ಕೂ ದೀಪ ಉರಿಯುತ್ತಿರುತ್ತದೆ. ಹತ್ತು ಹುಡುಗರು ಹಣ ಕೂಡಿಸಿ ಒಂದು ಗಂಟೆ ಆಡಿ ಹೋಗುತ್ತಾರೆ. ಕೂಡಿಸಲು ಹಣವಿಲ್ಲದವನು ಬಲೆಯ ಹೊರಗೆ ನಿಂತಿರುತ್ತಾನೆ. ಕಾಲ್ಚೆಂಡು ಬಡವರ ಆಟವೆಂಬ ಮಾತು ಈ ಬಲೆಗಳ ಎದುರು ಅಷ್ಟಾಗಿ ನಿಲ್ಲುವುದಿಲ್ಲ.

ಪಶ್ಚಿಮ ಬೆಂಗಳೂರಿನಲ್ಲಿ ಹೇರಳವಾಗಿರುವುದು ಇನ್ನೊಂದಿದೆ: ಕಾಲೇಜುಗಳು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಸರ್ಕಾರಿ, ಅನುದಾನಿತ, ಖಾಸಗಿ ಕಾಲೇಜುಗಳು ಸಾಲುಗಟ್ಟಿವೆ. ಅವುಗಳಲ್ಲಿ ಅನೇಕವು ಮಠಗಳು, ಸಮುದಾಯದ ಸಂಘಸಂಸ್ಥೆಗಳು ಕಟ್ಟಿ ಬೆಳೆಸಿದವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆಯ ಎಸ್. ನಿಜಲಿಂಗಪ್ಪ ಕಾಲೇಜು ರಾಜಾಜಿನಗರದಲ್ಲಿದೆ. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆಗೂ ಮಿಕ್ಕ ಆವರಣವಿದೆ. ಅಲ್ಲಿಯೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಇದೆ. ಇಷ್ಟೆಲ್ಲ ಇದ್ದೂ, ರಿಯಾದ್‌ನ ಗೆಲುವನ್ನು ಕಟ್ಟಿದ್ದು ಬೆಂಗಳೂರಿನ ಲೀಗ್‌ನ ಕ್ಲಬ್ಬುಗಳು. ಕೇರಳದ ಗೆಲುವಿನ ಕತೆಯಲ್ಲಿ ಒಂದು ಕಾಲೇಜಿನ ಹೆಸರು ಬರುತ್ತದೆ. ನಮ್ಮ ಗೆಲುವಿನ ಕತೆಯನ್ನು ಯಾವ ಕಾಲೇಜಿನ ಹೆಸರೂ ಇಲ್ಲದೆ ಹೇಳಿ ಮುಗಿಸಬಹುದು. ಇದು ಕ್ಲಬ್ಬುಗಳಿಗೆ ಹೆಮ್ಮೆ. ಶಿಕ್ಷಣ ಸಂಸ್ಥೆಗಳಾದ ನಮಗೆ ಅಷ್ಟೇನೂ ಹೆಮ್ಮೆಯಲ್ಲ.

ಕೇರಳದಲ್ಲಿ ಇದು ಆಕಸ್ಮಿಕವಾಗಿ ಒದಗಿದ ಭಾಗ್ಯವಲ್ಲ. ಕಲ್ಲಿಕೋಟೆ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1968ರಲ್ಲಿ, ಅಂದರೆ ಮೈಸೂರು ತಂಡ ತನ್ನ ಕೊನೆಯ ಎರಡು ಪ್ರಶಸ್ತಿಗಳನ್ನು ಗೆದ್ದ ದಿನಗಳಲ್ಲಿ. ಕೆಲವೇ ವರ್ಷಗಳಲ್ಲಿ, 1970ರ ದಶಕದ ಆರಂಭದಲ್ಲಿ, ಆ ಹೊಸ ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕಾಲ್ಚೆಂಡಿನ ಸರ್ ಅಶುತೋಷ್ ಮುಖರ್ಜಿ ಟ್ರೋಫಿಯನ್ನು ಗೆದ್ದಿತು. ನಾಯಕರಾಗಿದ್ದವರು ಗೋಲ್‌ಕೀಪರ್ ವಿಕ್ಟರ್ ಮಂಜಿಲ. 1973ರ ಡಿಸೆಂಬರ್‌ನಲ್ಲಿ ಎರ್ನಾಕುಲಂನಲ್ಲಿ ಕೇರಳ ರೈಲ್ವೇಸ್ ತಂಡವನ್ನು 3-2ರಿಂದ ಸೋಲಿಸಿ ತನ್ನ ಮೊತ್ತಮೊದಲ ಸಂತೋಷ್ ಟ್ರೋಫಿ ಗೆದ್ದಾಗ ಅದೇ ಮಂಜಿಲ ಆ ತಂಡದಲ್ಲಿದ್ದರು. ಮೊದಲು ಕಾಲೇಜು, ಅನಂತರ ವಿಶ್ವವಿದ್ಯಾಲಯ, ಅದರ ಮೇಲೆ ರಾಜ್ಯ. ಜೆಸಿನ್‌ನ ಐದು ಗೋಲುಗಳಿಗೆ ಐವತ್ತು ವರ್ಷಗಳ ಮುನ್ನುಡಿ ಇತ್ತು. ಮೈಸೂರಿನ ದಾರಿ ಕಾರ್ಖಾನೆಯ ಬಾಗಿಲಲ್ಲಿ ಮುಚ್ಚಿಕೊಳ್ಳುತ್ತಿದ್ದ ಕಾಲಕ್ಕೇ ಮಲಬಾರಿನ ದಾರಿ ಕಾಲೇಜಿನ ಬಾಗಿಲಲ್ಲಿ ತೆರೆದುಕೊಂಡಿತು.

ಮಲಬಾರಿನ ಗಾಳಿಯೇ ಬೇರೆ, ಅಲ್ಲಿ ಆಟ ರಕ್ತದಲ್ಲಿದೆ ಎಂದು ಕೆಲವರು ಹೇಳಬಹುದು. ಗಾಳಿಯ ಮಾತು ಅರ್ಧ ನಿಜ. ನಮ್ಮದೇ ಕನ್ನಡ ಮನೆಗಳಿರುವ ಕಾಸರಗೋಡು ಜಿಲ್ಲೆಯನ್ನು ನೋಡಿ: ಅದರ ದಕ್ಷಿಣದ ತ್ರಿಕರಿಪುರದಿಂದ ಭಾರತ ತಂಡಕ್ಕೆ ಆಡಿದ ಮೊಹಮ್ಮದ್ ರಫಿಯಂಥವರು ಬಂದರು, ಬೇಸಗೆ ಬಂದರೆ ಗದ್ದೆಗಳಲ್ಲಿ ಏಳು ಜನರ ‘ಸೆವೆನ್ಸ್’ ಪಂದ್ಯಗಳು. ಆದರೆ ಗಾಳಿ ಇದ್ದ ಮಾತ್ರಕ್ಕೆ ಗಿಡ ಮರವಾಗುವುದಿಲ್ಲ. ಹದಿನೇಳರಿಂದ ಇಪ್ಪತ್ತೆರಡರ ವಯಸ್ಸಿನ ಐದು ವರ್ಷ ನೀರೆರೆಯುವವರು ಬೇಕು, ಮತ್ತು ಆ ಐದು ವರ್ಷ ಹುಡುಗ ಇರುವುದು ಕಾಲೇಜಿನಲ್ಲಿ.

ನಮ್ಮಲ್ಲಿ ಒಂದು ಕಾಲೇಜು ತಂಡದ ‘ಋತು’ ಹೇಗಿರುತ್ತದೆ? ಓದುಗರಲ್ಲಿ ಹಲವರಿಗೆ ಇದು ತಿಳಿದಿರಲಾರದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಅಂತರ ಕಾಲೇಜು ಪಂದ್ಯಾವಳಿ ನಡೆಸುತ್ತದೆ. ಸುತ್ತೋಲೆ ಬರುತ್ತದೆ; ದೈಹಿಕ ಶಿಕ್ಷಣ ನಿರ್ದೇಶಕರು ಸೂಚನಾ ಫಲಕಕ್ಕೆ ಚೀಟಿ ಅಂಟಿಸುತ್ತಾರೆ; ಹದಿನಾರೋ ಹದಿನೆಂಟೋ ಹೆಸರು ಬರುತ್ತವೆ. ಅರ್ಹತಾ ಪತ್ರಕ್ಕೆ ಪ್ರಾಂಶುಪಾಲರ ಸಹಿ, ಭಾವಚಿತ್ರ, ಹತ್ತನೆಯ ತರಗತಿಯ ಅಂಕಪಟ್ಟಿಯ ನಕಲು. ಪಂದ್ಯಾವಳಿ ಸಾಮಾನ್ಯವಾಗಿ ಸೋತವರು ಹೊರಹೋಗುವ ನಾಕೌಟ್ ಪದ್ಧತಿಯದು. ಮೊದಲ ಪಂದ್ಯದಲ್ಲೇ ಸೋತ ಕಾಲೇಜಿಗೆ ಇಡೀ ವರ್ಷದ ಕಾಲ್ಚೆಂಡು ಆ ಒಂದು ಮಧ್ಯಾಹ್ನಕ್ಕೆ ಮುಗಿದಂತೆ. ಅರ್ಧದಷ್ಟು ತಂಡಗಳು ಮೊದಲ ಸುತ್ತಿನಲ್ಲೇ ಸೋಲಲೇಬೇಕಾದುದು ನಾಕೌಟ್‌ನ ಲೆಕ್ಕ. ಉಳಿದ ಆಟಗಾರರಿಂದ ಆಯ್ದ ವಿಶ್ವವಿದ್ಯಾಲಯ ತಂಡ ದಕ್ಷಿಣ ವಲಯಕ್ಕೆ ಹೋಗುತ್ತದೆ, ಅಲ್ಲೂ ನಾಕೌಟ್. ವಲಯದಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರಿಗೆ ಮಾತ್ರ ಅಖಿಲ ಭಾರತ ಮಟ್ಟ. ಅಲ್ಲಿ ನಮ್ಮ ಹುಡುಗರು ಎದುರಿಸುವುದು ಇಡೀ ವರ್ಷ ಆಡಿ ಬಂದ ಕೇರಳದ ಹುಡುಗರನ್ನು.

ಅಮೆರಿಕದಲ್ಲಿ ಇದಕ್ಕೊಂದು ಹೋಲಿಕೆ ಇದೆ. ವರ್ಮಾಂಟ್ ಎಂಬ ಪುಟ್ಟ ರಾಜ್ಯದ ವಿಶ್ವವಿದ್ಯಾಲಯ 2024ರ ಡಿಸೆಂಬರ್‌ನಲ್ಲಿ ಆ ದೇಶದ ಕಾಲೇಜು ಪುರುಷರ ಕಾಲ್ಚೆಂಡಿನ ಚಾಂಪಿಯನ್ ಆಯಿತು. ಶ್ರೇಯಾಂಕವೇ ಇಲ್ಲದ ತಂಡ. ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಮಾರ್ಷಲ್ ವಿಶ್ವವಿದ್ಯಾಲಯವನ್ನು 2-1ರಿಂದ ಸೋಲಿಸಿತು. ಪತ್ರಿಕೆಗಳು ಅದನ್ನು ಪವಾಡವೆಂದವು. ಪವಾಡವೇ ಇರಬಹುದು, ಆದರೆ ಆ ದಿನಕ್ಕೆ ಮುಂಚೆ, ಆಗಸ್ಟ್‌ನಿಂದ ಆರಂಭಿಸಿ, ಆ ತಂಡ ಇಪ್ಪತ್ತಕ್ಕೂ ಹೆಚ್ಚು ಪಂದ್ಯ ಆಡಿತ್ತು. ಇಪ್ಪತ್ತು ಪಂದ್ಯ ಆಡಿದವನಿಗೆ ಒಂದು ಸೋಲು ಪಾಠ. ಒಂದೇ ಪಂದ್ಯ ಆಡುವವನಿಗೆ ಅದೇ ಕೊನೆ.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಪಶ್ಚಿಮ ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ಬಹುಕಾಲ ಅರ್ಥಶಾಸ್ತ್ರ ಕಲಿಸಿದವನು. ಕಾಲೇಜಿನ ಹೆಸರು ಇಲ್ಲಿ ಅನಗತ್ಯ. ಬಿ.ಕಾಂ. ಎರಡನೆಯ ವರ್ಷದಲ್ಲಿ ಒಬ್ಬ ಹುಡುಗನಿದ್ದ. ತಂದೆ ಆಟೊ ಓಡಿಸುತ್ತಿದ್ದರು, ತಾಯಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದರು. ಹುಡುಗ ಎಡಗಾಲಿನ ಆಟಗಾರ. ನನಗೆ ಆಟದ ಸೂಕ್ಷ್ಮ ತಿಳಿಯದು; ಆದರೆ ಆತ ಚೆಂಡಿನೊಡನೆ ಓಡುವಾಗ ಮಹಡಿಯ ಮೇಲಿನ ತರಗತಿಗಳ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಳ್ಳುತ್ತಿದ್ದವು. ಬೆಳಗಿನ ಅಭ್ಯಾಸಕ್ಕೆ ಆತ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಒಂದು ಕ್ಲಬ್ಬಿನ ಜೊತೆ ಹೋಗುತ್ತಿದ್ದ. ಎರಡು ಬಸ್ಸು ಬದಲಿಸಿ ಮರಳಿ ಬರುವಷ್ಟರಲ್ಲಿ ಮೊದಲ ಎರಡು ತರಗತಿ ಮುಗಿದಿರುತ್ತಿದ್ದವು. ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ದಿನಗಳಿಗೆ ಹಾಜರಾತಿಯ ರಿಯಾಯಿತಿ ಉಂಟು. ಪ್ರತಿನಿಧಿಸಲು ಯೋಗ್ಯನಾಗುವುದಕ್ಕೆ ಬೆವರು ಸುರಿಸಿದ ದಿನಗಳಿಗೆ ಇಲ್ಲ. ಆತನ ಹಾಜರಾತಿ ಶೇಕಡಾ 75ಕ್ಕಿಂತ ಕೆಳಗಿಳಿಯಿತು. ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆತ ಕ್ಲಬ್ಬು ಬಿಟ್ಟ. ಮರುವರ್ಷ ಕಾಲೇಜನ್ನೂ ಬಿಟ್ಟ. ಒಂದು ಸಂಜೆ ಬಸವೇಶ್ವರನಗರದ ನಮ್ಮ ಮನೆಗೆ ಊಟದ ಪೊಟ್ಟಣ ತಂದುಕೊಟ್ಟ ಕೆಂಪು ಅಂಗಿಯ ಹುಡುಗ ಹೆಲ್ಮೆಟ್ ತೆಗೆದು ‘ನಮಸ್ಕಾರ ಸಾರ್, ಚೆನ್ನಾಗಿದ್ದೀರಾ’ ಎಂದಾಗ ನಾನು ಗುರುತು ಹಿಡಿಯಲು ತಡಮಾಡಿದೆ. ಗುರುತು ಸಿಕ್ಕಿದ ಮೇಲೆ ಮಾತು ಸಿಗಲಿಲ್ಲ.

ಒಬ್ಬ ಹುಡುಗನ ಕತೆಯಿಂದ ನೀತಿ ರೂಪಿಸಬಾರದು ಎಂದು ನಾನೇ ನನ್ನ ವಿದ್ಯಾರ್ಥಿಗಳಿಗೆ ಕಲಿಸಿದ್ದೇನೆ. ಆದರೆ ಕಾಲ್ಚೆಂಡಿನ ಕಳೆದ ಕೆಲವು ವರ್ಷಗಳ ವಿದ್ಯಮಾನಗಳು ಈ ಪ್ರಶ್ನೆಯನ್ನು ಒಬ್ಬನಿಂದ ಸಾವಿರಾರು ಜನರಿಗೆ ವಿಸ್ತರಿಸಿವೆ. ರಿಯಾದ್ ಗೆಲುವಿನ ನಾಲ್ಕು ತಿಂಗಳ ಬಳಿಕ, 2023ರ ಜುಲೈ 4ರಂದು, ತುಂಬಿದ ಕಂಠೀರವದಲ್ಲಿ ಭಾರತ ಕುವೈತನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸ್ಯಾಫ್ ಪ್ರಶಸ್ತಿ ಗೆದ್ದಿತು. ಆ ತಿಂಗಳು ಫಿಫಾ ಶ್ರೇಯಾಂಕದಲ್ಲಿ ದೇಶದ ಸ್ಥಾನ 99. ಎಲ್ಲವೂ ಏರುಮುಖವೆಂದು ತೋರುತ್ತಿತ್ತು. ಎರಡೇ ವರ್ಷಗಳಲ್ಲಿ, 2025ರ ಜುಲೈಗೆ, ಅದು 133ಕ್ಕೆ ಜಾರಿತು. ಅದೇ ತಿಂಗಳು, ರಾಷ್ಟ್ರೀಯ ಒಕ್ಕೂಟದೊಡನೆ 2010ರಲ್ಲಿ ಮಾಡಿಕೊಂಡಿದ್ದ ಹದಿನೈದು ವರ್ಷಗಳ ವಾಣಿಜ್ಯ ಒಪ್ಪಂದ ಮುಗಿಯುತ್ತ ಬಂದಿದ್ದರಿಂದ, ಇಂಡಿಯನ್ ಸೂಪರ್ ಲೀಗ್ ಅನ್ನು ನಡೆಸುವ ಸಂಸ್ಥೆ ಮುಂದಿನ ಋತುವನ್ನು ತಡೆಹಿಡಿಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ಅದೇ ತಿಂಗಳು ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಒಕ್ಕೂಟದ ನಿಯಮಾವಳಿಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದಿತು. ಮೇಲಿನವರ ವ್ಯಾಜ್ಯಗಳು ಹೇಗಾದರೂ ಇತ್ಯರ್ಥವಾಗುತ್ತವೆ. ಆದರೆ ದೇಶದ ಅತ್ಯುನ್ನತ ಲೀಗ್‌ನ ಆಟಗಾರನ ತಿಂಗಳ ಸಂಬಳವೇ ಒಂದು ಪತ್ರದಿಂದ ನಿಂತುಹೋಗಬಹುದು ಎಂಬುದನ್ನು ಕೆಂಗೇರಿಯ ಒಬ್ಬ ತಾಯಿ ಕಂಡಳು. ತನ್ನ ಮಗನಿಗೆ ‘ಆಟ ಬಿಡು, ಓದು’ ಎಂದು ಹೇಳಲು ಆಕೆಗೆ ಇನ್ನೇನು ಕಾರಣ ಬೇಕು?

ಆಕೆಗೆ ಉತ್ತರ ಕೊಡಬಲ್ಲದ್ದು ಕಾಲೇಜು ಮಾತ್ರ. ಆಟವೋ ಓದೋ ಎಂದು ಆರಿಸಿಕೊಳ್ಳುವ ಸಂಕಟವನ್ನು ತಪ್ಪಿಸಿ, ಎರಡನ್ನೂ ಒಂದೇ ಸೂರಿನಡಿ ಕೊಡುವುದು ಅದಕ್ಕೆ ಸಾಧ್ಯ. ಆಟ ಕೈಕೊಟ್ಟರೆ ಪದವಿ ಇರುತ್ತದೆ.

ಇಲ್ಲಿ ಸ್ಥಳದ ಪ್ರಶ್ನೆ ಬರುತ್ತದೆ. ಪೂರ್ಣ ಪ್ರಮಾಣದ ಕಾಲ್ಚೆಂಡಿನ ಅಂಗಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಸುಮಾರು ಎಪ್ಪತ್ತು ಗುಂಟೆ. ಬಡಾವಣೆಯ ಭಾಷೆಯಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ಅರವತ್ನಾಲ್ಕು ಸೈಟು. ವಿಜಯನಗರದಲ್ಲಿ ಅರವತ್ನಾಲ್ಕು ಸೈಟಿನ ಬೆಲೆ ಏನೆಂದು ಓದುಗರೇ ಊಹಿಸಿಕೊಳ್ಳಲಿ. ಅಷ್ಟು ನೆಲವನ್ನು ಖಾಲಿ ಬಿಡಿ ಎಂದು ಯಾವ ಆಡಳಿತ ಮಂಡಳಿಗೆ ಹೇಳಿದರೂ ಅಲ್ಲೊಂದು ಹೊಸ ಕಟ್ಟಡದ ನಕ್ಷೆ ಆಗಲೇ ಸಿದ್ಧವಿರುತ್ತದೆ. ಹೊಸ ಕೋರ್ಸು ಬಂದರೆ ಕೊಠಡಿ ಬೇಕು, ಕೊಠಡಿಗೆ ನೆಲ ಬೇಕು, ನೆಲ ಇರುವುದು ಮೈದಾನದಲ್ಲಿ. ಹೀಗೆ ಎಷ್ಟೋ ಆವರಣಗಳಲ್ಲಿ ಮೈದಾನ ವರ್ಷವರ್ಷಕ್ಕೆ ಕುಗ್ಗಿ ಕೊನೆಗೆ ಬಸ್ಸು, ಕಾರುಗಳ ನಿಲುಗಡೆಯಾಗಿದೆ. ಆದರೂ ಏಳು ಜನರ ಆಟಕ್ಕೆ 60 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗ ಸಾಕು. ಇಪ್ಪತ್ನಾಲ್ಕು ಗುಂಟೆಗಿಂತ ಕಡಿಮೆ. ಅಷ್ಟು ಜಾಗ ಇನ್ನೂ ಉಳಿದಿರುವ ಕಾಲೇಜುಗಳು ಪಶ್ಚಿಮ ಭಾಗದಲ್ಲಿವೆ. ದಿನನಿತ್ಯದ ಅಭ್ಯಾಸ ಅಲ್ಲಿ ನಡೆಯಲಿ; ಪಂದ್ಯಕ್ಕೆ ಜ್ಞಾನಭಾರತಿಯ ಮೈದಾನವಿದೆ.

ಎಂಟು ಕಾಲೇಜು ಕೂಡಿದರೆ ಒಂದು ಲೀಗ್ ಆಗುತ್ತದೆ. ಪ್ರತಿಯೊಂದು ತಂಡ ಉಳಿದ ಏಳರೊಡನೆ ಎರಡೆರಡು ಸಲ ಆಡಿದರೆ ಒಬ್ಬೊಬ್ಬರಿಗೆ ಹದಿನಾಲ್ಕು ಪಂದ್ಯ, ಒಟ್ಟು 56. ಶನಿವಾರ ಮಧ್ಯಾಹ್ನ ಎರಡು ಮೈದಾನಗಳಲ್ಲಿ ಎರಡೆರಡು ಪಂದ್ಯ ನಡೆಸಿದರೆ ಹದಿನಾಲ್ಕು ಶನಿವಾರಗಳಲ್ಲಿ ಮುಗಿಯುತ್ತದೆ. ಒಂದು ಸೆಮಿಸ್ಟರಿನೊಳಗೆ, ತರಗತಿಗೆ ಅಡ್ಡಿಯಾಗದೆ. ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ಕೆಂಗೇರಿ, ಜ್ಞಾನಭಾರತಿ, ವಿಜಯನಗರ ದಾಟಿ ಮಹಾತ್ಮ ಗಾಂಧಿ ರಸ್ತೆಗೆ ಹೋಗುತ್ತದೆ. ಅಲ್ಲಿಂದ ಅಶೋಕನಗರದ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ನನ್ನ ವಿದ್ಯಾರ್ಥಿಯ ಕಾಲದಲ್ಲಿ ಆ ಅನುಕೂಲವಿರಲಿಲ್ಲ.

ಇನ್ನು ಊಟ. ಆಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ತೊಂಬತ್ತು ನಿಮಿಷ ಓಡುವ ಹುಡುಗನಿಗೆ ಬೆಳಿಗ್ಗೆ ಚಹಾ ಬನ್ನು ಸಾಲದು. ಕೆಂಗೇರಿಯ ಆಚೆಯ ಹಳ್ಳಿಯಿಂದ ಬರುವ ಹುಡುಗನಿಗೆ ಅಭ್ಯಾಸದ ಬಳಿಕ ಸ್ನಾನಕ್ಕೆ ನೀರು, ತಟ್ಟೆ ತುಂಬ ಊಟ, ಮಲಗಲು ಚಾಪೆ ಬೇಕು. ಇದನ್ನು ಒದಗಿಸುವುದು ಹೇಗೆಂದು ಕಾರ್ಪೊರೇಟ್ ಕ್ಲಬ್ಬುಗಳಿಂದ ನಾವು ಕಲಿಯಬೇಕಾಗಿಲ್ಲ. ಪ್ರಸಾದನಿಲಯಗಳು ಈ ನಾಡಿನಲ್ಲಿ ಒಂದು ಶತಮಾನದಿಂದ ಇದೇ ಕೆಲಸ ಮಾಡುತ್ತಿವೆ. ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ಓದುವ ಬಡಮಕ್ಕಳ ಹಸಿವನ್ನು ಕಂಡು ಹಿರಿಯರು ಈ ವ್ಯವಸ್ಥೆ ಕಟ್ಟಿದರು. ಅದೇ ಹುಡುಗ ಸಂಜೆ ಆಡುತ್ತಾನೆ ಎಂದಾಕ್ಷಣ ಅವನ ಹಸಿವು ಬೇರೆಯದಾಗುವುದಿಲ್ಲ. ಸಸ್ಯಾಹಾರದಲ್ಲಿ ಆಟಗಾರ ಬೆಳೆಯುತ್ತಾನೆಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ರಾಗಿಮುದ್ದೆ, ಹುರುಳಿ ಸಾರು, ಹಾಲು, ಶೇಂಗಾ ಉಂಡು ಗರಡಿಯಲ್ಲಿ ಸಾಮು ಮಾಡಿದವರ ಮೊಮ್ಮಕ್ಕಳು ನಾವು ಎಂದಷ್ಟೇ ಹೇಳಿ ಸುಮ್ಮನಾಗಿದ್ದೇನೆ.

ಆಕ್ಷೇಪಣೆಗಳು ಇನ್ನೂ ಇವೆ, ಅವು ಹಗುರವಾದವಲ್ಲ. ಕಬಡ್ಡಿ, ಕೊಕ್ಕೊಗಳಿಗೇ ನೆರವಿಲ್ಲದಿರುವಾಗ ಕಾಲ್ಚೆಂಡಿಗೇಕೆ ಎಂಬುದು ಒಂದು. ಒಪ್ಪತಕ್ಕ ಮಾತು, ಲೀಗ್ ಕಟ್ಟುವ ಕ್ರಮ ಎಲ್ಲ ಆಟಗಳಿಗೂ ಒಂದೇ, ಮೊದಲು ಕಬಡ್ಡಿಯಿಂದ ಆರಂಭಿಸಿದರೂ ನನ್ನ ತಕರಾರಿಲ್ಲ. ಹೆಣ್ಣುಮಕ್ಕಳ ತಂಡಗಳೇಕೆ ಇಲ್ಲ ಎಂಬುದು ಇನ್ನೊಂದು, ಮತ್ತು ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಆ ಲೀಗ್‌ನಲ್ಲಿ ಅವರ ಪಂದ್ಯಗಳೂ ಇರಲೇಬೇಕು. ಮೂರನೆಯದು ಅಧ್ಯಾಪಕರದೇ ಮಾತು: ಆಟಗಾರರಿಗೆ ಸಡಿಲು ಕೊಟ್ಟರೆ ಉಳಿದವರು ಏನೆನ್ನುತ್ತಾರೆ? ಸಡಿಲು ಬೇಡ. ಬೆಳಗಿನ ಅಭ್ಯಾಸ ಮುಗಿಸಿ ಬಂದವರಿಗೆ ಮಧ್ಯಾಹ್ನ ಅದೇ ಪಾಠವನ್ನು ಇನ್ನೊಮ್ಮೆ ಹೇಳುವ ಒಬ್ಬ ಮೇಷ್ಟ್ರು ಸಾಕು. ಕಾಲೇಜಿನಲ್ಲಿದ್ದಾಗ ಆ ಒಬ್ಬ ಮೇಷ್ಟ್ರು ನಾನಾಗಬಹುದಿತ್ತು. ನನಗೆ ಅದು ಆಗ ಹೊಳೆಯಲಿಲ್ಲ. ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆಯಲ್ಲ ಎನ್ನುವವರೂ ಉಂಟು. ಅದು ಈಗಾಗಲೇ ಗೆದ್ದವನಿಗೆ ಸಿಗುವ ಸೀಟು. ಗೆಲ್ಲುವವರೆಗಿನ ದಾರಿಯಲ್ಲಿ ಅವನು ಎಲ್ಲಿ ಉಣ್ಣಬೇಕು, ಎಲ್ಲಿ ಆಡಬೇಕು ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ.

ರಿಯಾದ್‌ನಿಂದ ಬಂದ ಟ್ರೋಫಿ ಕರ್ನಾಟಕದಲ್ಲಿ ಉಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಅದನ್ನು ಸರ್ವೀಸಸ್ ಗೆದ್ದಿತು; ಅದೇ ವರ್ಷದ ಡಿಸೆಂಬರ್ 31ರಂದು ಹೈದರಾಬಾದ್‌ನಲ್ಲಿ ಬಂಗಾಳ ಕೇರಳವನ್ನು ಸೋಲಿಸಿ ತನ್ನ 33ನೆಯ ಪ್ರಶಸ್ತಿ ಪಡೆಯಿತು. ಸೈನ್ಯಕ್ಕೆ ಅದರದೇ ವಸತಿ, ಊಟ, ಮೈದಾನವಿದೆ. ಬಂಗಾಳಕ್ಕೆ ನೂರು ವರ್ಷದ ಕ್ಲಬ್ಬುಗಳಿವೆ. ಕೇರಳಕ್ಕೆ ಕಾಲೇಜುಗಳಿವೆ.

ಕಳೆದ ತಿಂಗಳು ಸಂಜೆ ನಾನು ಹಳೆಯ ಕಾಲೇಜಿನ ಕಡೆ ನಡೆದು ಹೋಗಿದ್ದೆ. ಮೈದಾನದ ಮೂರನೆಯ ಒಂದು ಭಾಗದಲ್ಲಿ ಈಗ ಕಬ್ಬಿಣದ ಸರಳು, ಜಲ್ಲಿ, ಸಿಮೆಂಟು ಚೀಲಗಳ ರಾಶಿ. ಉಳಿದ ಜಾಗದಲ್ಲಿ ಹತ್ತು ಹನ್ನೆರಡು ಹುಡುಗರು ಚಪ್ಪಲಿಗಳನ್ನೇ ಗೋಲಿನ ಕಂಬಗಳಾಗಿ ಇಟ್ಟುಕೊಂಡು ಆಡುತ್ತಿದ್ದರು. ಕಾಂಪೌಂಡಿನ ಆಚೆ, ರಸ್ತೆಬದಿಯಲ್ಲಿ, ಕೆಂಪು ಅಂಗಿಯ ಯುವಕನೊಬ್ಬ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ನೋಡುತ್ತ ನಿಂತಿದ್ದ. ಅವನೇ ಇರಬಹುದೇ ಎಂದು ನಾನು ರಸ್ತೆ ದಾಟುವಷ್ಟರಲ್ಲಿ ಅವನ ಫೋನು ಸದ್ದು ಮಾಡಿತು, ಬೈಕ್ ಹೊರಟುಹೋಯಿತು.